ಹೈಸ್ಕೂಲ್ ಮಕ್ಕಳಿಗೆ ದೌರ್ಜನ್ಯವನ್ನು ಗುರುತಿಸಲು, ತಡೆಯಲು ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿ ಕಡೆಯ ಶಾಲೆಗಳಲ್ಲಿ 8, 9, 10ನೇ ತರಗತಿಯವರಿಗೆ ಈ ಪಾಠ ಮಾಡಲು ಹೊರಟ ಶಿಕ್ಷಕರು, ಆಪ್ತಸಮಾಲೋಚಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

"ಗುಡ್ ಟಚ್, ಬ್ಯಾಡ್ ಟಚ್" ಪ್ರೈಮರಿಯಲ್ಲೇ ಹೇಳಿ ಆಗಿದೆಯಲ್ಲ, ಮತ್ತೆ ಯಾಕೆ?

ಹದಿಮೂರರಿಂದ ಹದಿನಾರರ ವಯಸ್ಸಿನಲ್ಲಿ ದೌರ್ಜನ್ಯ ಶುರುವಾಗುವುದು ಬಹಳ ಸಲ ಸ್ಪರ್ಶದಿಂದಲ್ಲ, ಉಪಕಾರದಿಂದ. ಮೊಬೈಲಿಗೆ ರೀಚಾರ್ಜ್, ಬೈಕಿನಲ್ಲಿ ಡ್ರಾಪ್, ಟೀಮಿನಲ್ಲಿ ಜಾಗ, "ನಿನ್ನನ್ನು ಮನೆಯವರು ಅರ್ಥ ಮಾಡಿಕೊಳ್ಳುವುದಿಲ್ಲ, ನಾನಿದ್ದೇನೆ" ಎಂಬ ಮಾತು. ಮೈ ಮುಟ್ಟುವ ಹೊತ್ತಿಗೆ ಮಗು ಆ ವ್ಯಕ್ತಿಯ ಋಣದಲ್ಲಿ ಇರುತ್ತದೆ. ಪ್ರೈಮರಿಯಲ್ಲಿ ಕಲಿತ ಪಾಠ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಲವೊಮ್ಮೆ ಅದರಿಂದ ತೊಂದರೆಯೂ ಆಗುತ್ತದೆ. ಮನಸ್ಸಿಗೆ ಬೇಡವೆನಿಸಿದರೂ ದೇಹ ತನ್ನಷ್ಟಕ್ಕೆ ಸ್ಪಂದಿಸಬಹುದು. ಆಗ ಮಗು "ಹಾಗಾದರೆ ಇದು ಬ್ಯಾಡ್ ಟಚ್ ಅಲ್ಲ, ನನ್ನದೇ ತಪ್ಪು" ಎಂದು ತೀರ್ಮಾನಿಸಿ ಬಾಯಿ ಮುಚ್ಚಿಕೊಳ್ಳುತ್ತದೆ.

ಇನ್ನೊಂದು ಕಾರಣ ಇನ್ನೂ ಮುಖ್ಯ. ಈ ವಯಸ್ಸಿನವರು ಮೊದಲು ಹೇಳುವುದು ಟೀಚರಿಗೂ ಅಲ್ಲ, ಅಮ್ಮನಿಗೂ ಅಲ್ಲ, ಪಕ್ಕದ ಬೆಂಚಿನ ಗೆಳತಿಗೆ ಅಥವಾ ಗೆಳೆಯನಿಗೆ. ಆ ಗೆಳೆಯ "ಹೌದಾ ಮಾರಾಯ, ಯಾರಿಗೂ ಹೇಳ್ಬೇಡ, ಗಲಾಟೆ ಆಗ್ತದೆ" ಅಂದುಬಿಟ್ಟರೆ ವಿಷಯ ಅಲ್ಲೇ ಹೂತುಹೋಗುತ್ತದೆ. ಆದ್ದರಿಂದ ಹೈಸ್ಕೂಲಿನ ಪಾಠದ ಅರ್ಧ ಭಾಗ "ನಿನಗೆ ಆದರೆ ಏನು ಮಾಡಬೇಕು" ಎಂಬುದಾದರೆ, ಉಳಿದರ್ಧ "ಗೆಳೆಯ ಹೇಳಿದರೆ ಏನು ಮಾಡಬೇಕು" ಎಂಬುದಾಗಿರಬೇಕು.

ಪಾಠಕ್ಕೆ ಮೊದಲು ಶಾಲೆಯಲ್ಲಿ ಏನೇನು ತಯಾರಾಗಿರಬೇಕು?

ಪಾಠ ಸರಿಯಾಗಿ ನಡೆದರೆ ಯಾರಾದರೂ ಒಬ್ಬರು ಬಂದು ಹೇಳುತ್ತಾರೆ ಎಂದೇ ಲೆಕ್ಕ ಹಾಕಿ. ಕೇಳಿಸಿಕೊಳ್ಳಲು ಜನ ಗೊತ್ತಾಗಿರದಿದ್ದರೆ ಪಾಠ ಮುಂದೂಡುವುದೇ ಒಳ್ಳೆಯದು.

ಕನಿಷ್ಠ ಇಷ್ಟು ಬೇಕು: ಮಕ್ಕಳು ಹೆದರದ ಇಬ್ಬರು ಸಿಬ್ಬಂದಿ, ಅವರಲ್ಲಿ ಒಬ್ಬರು ಮಹಿಳೆ. ಮಾತು ಹೊರಗೆ ಕೇಳದ, ಆದರೆ ಕಿಟಕಿಯಿಂದ ಕಾಣುವ ಒಂದು ಕೋಣೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ ಮತ್ತು ಹತ್ತಿರದ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ನಂಬರು, ಆ ವರ್ಷ ಕರೆ ಮಾಡಿ ಖಚಿತ ಮಾಡಿಕೊಂಡದ್ದು. ಗೋಡೆಯ ಮೇಲಿನ ಹಳೆಯ ಪೋಸ್ಟರಿನ ನಂಬರನ್ನು ನಂಬಬೇಡಿ, ಅಧಿಕಾರಿಗಳು ವರ್ಗವಾಗುತ್ತಾರೆ, ನಂಬರುಗಳು ಬದಲಾಗುತ್ತವೆ. ಉಡುಪಿಯವರಿಗೆ ಜಿಲ್ಲಾ ಕಚೇರಿಗಳು ಮಣಿಪಾಲದ ರಜತಾದ್ರಿಯಲ್ಲಿವೆ. ಒಮ್ಮೆ ಹೋಗಿ ಮುಖಪರಿಚಯ ಮಾಡಿಕೊಂಡು ಬಂದರೆ ಕಷ್ಟದ ದಿನ ಫೋನಿನಲ್ಲಿ ಮಾತು ಸಲೀಸಾಗುತ್ತದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯೇ ಪೋಕ್ಸೊ. 2020ರ ಪೋಕ್ಸೊ ನಿಯಮಗಳ ಪ್ರಕಾರ ಶಾಲೆಯ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಕಾಲಕಾಲಕ್ಕೆ ಆಗಬೇಕು. ಬೋಧಕರಷ್ಟೇ ಅಲ್ಲ, ಗುತ್ತಿಗೆಯವರೂ ಇದರಲ್ಲಿ ಬರುತ್ತಾರೆ. ವ್ಯಾನ್ ಚಾಲಕ, ಸಂಜೆಯ ಕೋಚ್, ಹಾಸ್ಟೆಲಿನ ವಾಚ್‌ಮ್ಯಾನ್, ಇವರನ್ನೇ ಶಾಲೆಗಳು ಮರೆಯುವುದು.

ಇನ್ನೊಂದು ಮಾತು: ನಿಮ್ಮ ಶಾಲೆಯಲ್ಲಿ ಇನ್ನೂ ಬೆತ್ತ ಆಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಮೊದಲ ದಿನವೇ ಒಬ್ಬ ಹುಡುಗ "ಸರ್, ಹೊಡಿಯುದು ದೌರ್ಜನ್ಯವಾ?" ಎಂದು ಕೇಳುತ್ತಾನೆ. ಉತ್ತರ "ಹೌದು" ಎಂದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿನ ಹೊಣೆ ಹೊತ್ತವರು ನಡೆಸುವ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಬೆತ್ತ ಕೈಯಲ್ಲಿ ಹಿಡಿದು ಈ ಉತ್ತರ ಕೊಡಲಾಗುವುದಿಲ್ಲ.

ಎಷ್ಟು ಪೀರಿಯಡ್ ಬೇಕು? ಯಾವಾಗ ಮಾಡಬೇಕು?

ಪ್ರಾರ್ಥನೆಯ ಬಳಿಕ ಇಡೀ ಶಾಲೆಯನ್ನು ಸಭಾಂಗಣದಲ್ಲಿ ಕೂರಿಸಿ ಅತಿಥಿಗಳಿಂದ ಒಂದು ಗಂಟೆ ಭಾಷಣ, ಕೊನೆಗೆ ಗ್ರೂಪ್ ಫೋಟೊ: ಇದರಿಂದ ವರದಿಗೆ ಒಂದು ಪುಟ ಸಿಗುತ್ತದೆ, ಬೇರೇನೂ ಇಲ್ಲ. ಒಂದು ಸೆಕ್ಷನ್‌ಗೆ ಪ್ರತ್ಯೇಕವಾಗಿ, 40 ನಿಮಿಷದ ನಾಲ್ಕು ಪೀರಿಯಡ್, ವಾರಕ್ಕೊಂದರಂತೆ ಇಡಿ. 

ಮೊದಲನೆಯದರಲ್ಲಿ ದೌರ್ಜನ್ಯದ ಬಗೆಗಳು: ದೈಹಿಕ, ಮಾನಸಿಕ, ಲೈಂಗಿಕ, ನಿರ್ಲಕ್ಷ್ಯ. ಎರಡನೆಯದರಲ್ಲಿ ಬಲೆ ಬೀಸುವ ರೀತಿ. ಮೂರನೆಯದು ಮೊಬೈಲ್. ನಾಲ್ಕನೆಯದು ಗೆಳೆಯನಿಗೆ ಸಹಾಯ, ಕಾನೂನು, ಮಕ್ಕಳ ಸಹಾಯವಾಣಿ 1098. ಸಮಯ ಸಾಲದಿದ್ದರೆ ಮೊದಲನೆಯದನ್ನು ಮೊಟಕು ಮಾಡಿ, ನಾಲ್ಕನೆಯದನ್ನು ಮುಟ್ಟಬೇಡಿ.

ದಿನದ ಆಯ್ಕೆಯಲ್ಲಿ ಬಹಳ ಜನ ಎಡವುತ್ತಾರೆ. ಶನಿವಾರದ ಅರ್ಧ ದಿನ, ಶುಕ್ರವಾರದ ಕೊನೆಯ ಪೀರಿಯಡ್ ಬೇಡ. ಪಾಠ ಕೇಳಿ ಮನಸ್ಸು ಕಲಕಿದ ಮಗು ಹೇಳಲು ಧೈರ್ಯ ಮಾಡುವುದು ಮರುದಿನ ಅಥವಾ ಅದರ ಮರುದಿನ, ಆಗ ಶಾಲೆ ತೆರೆದಿರಬೇಕು. ಸೋಮವಾರ ಅಥವಾ ಮಂಗಳವಾರದ ಎರಡನೇ, ಮೂರನೇ ಪೀರಿಯಡ್ ಸೂಕ್ತ. ದಸರಾ ರಜೆಯ ಹಿಂದಿನ ವಾರ ಬೇಡ. ಜೂನ್, ಜುಲೈನಲ್ಲಿ ನಮ್ಮ ಕರಾವಳಿಯಲ್ಲಿ ರೆಡ್ ಅಲರ್ಟ್ ಬಂದರೆ ಡಿಸಿ ರಜೆ ಘೋಷಿಸುತ್ತಾರೆ, ತೊಂದರೆ ಕೊಡುವ ವ್ಯಕ್ತಿ ಮನೆಯಲ್ಲೇ ಇದ್ದರೆ ಆ ರಜೆಯಲ್ಲಿ ಮಗು ಅವನ ಜೊತೆಗೇ ಸಿಕ್ಕಿಕೊಳ್ಳುತ್ತದೆ. ಆಗಸ್ಟ್‌ನಿಂದ ಶುರು ಮಾಡುವುದು ವಾಸಿ. 10ನೇ ತರಗತಿಗೆ ಡಿಸೆಂಬರ್ ಒಳಗೆ ಮುಗಿಸಿ. ಆಮೇಲೆ ಎಸ್ಸೆಸ್ಸೆಲ್ಸಿ ತಯಾರಿಯ ಗಡಿಬಿಡಿಯಲ್ಲಿ ಯಾರಿಗೂ ಕಿವಿ ಇರುವುದಿಲ್ಲ.

ಹುಡುಗ, ಹುಡುಗಿಯರನ್ನು ಬೇರೆ ಬೇರೆ ಕೂರಿಸಬೇಕೇ?

ಪಾಠ ಒಟ್ಟಿಗೆ, ಪ್ರಶ್ನೆಯ ಸಮಯ ಮಾತ್ರ ಬೇರೆ. ಪೂರ್ತಿ ಬೇರೆ ಮಾಡಿದರೆ ಹುಡುಗರ ಕೋಣೆಯಲ್ಲಿ ಪಾಠ "ಹುಡುಗಿಯರಿಗೆ ತೊಂದರೆ ಕೊಡಬೇಡಿ" ಎಂಬ ಎಚ್ಚರಿಕೆಯಾಗಿಬಿಡುತ್ತದೆ.

ಹುಡುಗರ ಮೇಲೂ ದೌರ್ಜನ್ಯ ನಡೆಯುತ್ತದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದವರು ಶೇ. 53.22. ಹೀಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹುಡುಗರೇ. ಪೋಕ್ಸೊ ಕಾಯ್ದೆಯಲ್ಲೂ ಗಂಡು, ಹೆಣ್ಣು ಎಂಬ ಭೇದವಿಲ್ಲ, 18 ತುಂಬದ ಎಲ್ಲರೂ ಮಕ್ಕಳೇ. ಹುಡುಗರು ಇದನ್ನು "ರ‍್ಯಾಗಿಂಗ್", "ತಮಾಷೆ" ಎಂದು ಹೇಳುತ್ತಾರೆ, ದೌರ್ಜನ್ಯ ಎನ್ನುವುದಿಲ್ಲ. ಆದ್ದರಿಂದ ಅವರಿಗೆ ಕೊಡುವ ಉದಾಹರಣೆ ಹಾಸ್ಟೆಲ್ ಕೋಣೆ, ಟೀಮಿನ ಡ್ರೆಸ್ ಬದಲಿಸುವ ಜಾಗ, ರಾತ್ರಿ ಜಾತ್ರೆಯಿಂದ ಮನೆಗೆ ಬಿಡುತ್ತೇನೆಂದ ಪರಿಚಯದ ಅಣ್ಣ, ಇಂಥವೇ ಆಗಿರಲಿ.

"ಬಲೆ ಬೀಸುವ ರೀತಿ"ಯನ್ನು ಹೆದರಿಸದೆ ಹೇಗೆ ಕಲಿಸುವುದು? ಎಲ್ಲರನ್ನೂ ಸಂಶಯಿಸುವ ಹಾಗೆ ಆಗುವುದಿಲ್ಲವೇ?

ವ್ಯಕ್ತಿಯನ್ನು ನೋಡಲು ಕಲಿಸಿದರೆ ಆಗುತ್ತದೆ, ನಡವಳಿಕೆಯನ್ನು ನೋಡಲು ಕಲಿಸಿದರೆ ಆಗುವುದಿಲ್ಲ. ಕಂಡಕ್ಟರ್, ಟ್ಯೂಷನ್ ಸರ್, ಊರಿನಿಂದ ಬಂದ ಮಾವ ಎಂದು ಜನರ ಪಟ್ಟಿ ಕೊಡಬೇಡಿ. ಪಟ್ಟಿಯಲ್ಲಿಲ್ಲದವನು ಸುಲಭವಾಗಿ ಪಾರಾಗುತ್ತಾನೆ. ಮೆಟ್ಟಿಲುಗಳನ್ನು ಕಲಿಸಿ:

ಒಬ್ಬರನ್ನೇ ಆರಿಸುವುದು, ಹೆಚ್ಚಾಗಿ ಒಂಟಿಯಾಗಿರುವ, ಮನೆಯಲ್ಲಿ ಜಗಳವಿರುವ, ಅಪ್ಪ ಗಲ್ಫಿನಲ್ಲೋ ಬೋಟಿನಲ್ಲೋ ಇರುವ ಮಗುವನ್ನು. ವಿಶೇಷ ಮರ್ಯಾದೆ, ಉಡುಗೊರೆ. ಬೇರೆಯವರಿಂದ ದೂರ ಮಾಡುವುದು. ಚಿಕ್ಕ ನಿಯಮವೊಂದನ್ನು ಜೊತೆಯಲ್ಲಿ ಮುರಿಯುವುದು: ಒಂದು ಗುಟುಕು ಬಿಯರ್, ಒಂದು ಅಶ್ಲೀಲ ವಿಡಿಯೊ, ಕ್ಲಾಸಿಗೆ ಚಕ್ಕರ್. ಈ ಮೆಟ್ಟಿಲನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಬೀಗ ಬೀಳುವುದು ಇಲ್ಲೇ. "ನೀನೂ ಕುಡಿದಿದ್ದೀಯಲ್ಲ, ಮನೆಯಲ್ಲಿ ಹೇಳಲಾ?" ಎಂದು ಅದನ್ನೇ ಹಿಡಿದು ಹೆದರಿಸುತ್ತಾರೆ. ಆಮೇಲೆ ಆಕಸ್ಮಿಕ ಎನ್ನುವಂಥ ಸ್ಪರ್ಶ, ಆಮೇಲೆ ಗುಟ್ಟು.

ಮಕ್ಕಳಿಗೆ ಒಂದೇ ಪರೀಕ್ಷೆ ಸಾಕು: "ಏರೆಡ್ಲ ಪನೊಡ್ಚಿ", ಯಾರಿಗೂ ಹೇಳಬೇಡ ಎಂದು ದೊಡ್ಡವರು ಹೇಳಿದರೆ ಯಾಕೆ ಎಂದು ಯೋಚಿಸಬೇಕು. ಹುಟ್ಟುಹಬ್ಬದ ಗುಟ್ಟು ಒಂದು ದಿನ ಬಯಲಾಗುತ್ತದೆ, ಎಲ್ಲರೂ ನಗುತ್ತಾರೆ. ಎಂದೂ ಬಯಲಾಗಬಾರದ, ಬಯಲಾದರೆ ನಿನಗೇ ಕೆಟ್ಟದ್ದು ಎಂಬ ಬೆದರಿಕೆಯಿರುವ ಗುಟ್ಟನ್ನು ಅದೇ ದಿನ ಇನ್ನೊಬ್ಬ ದೊಡ್ಡವರಿಗೆ ಹೇಳಬೇಕು. ತಾನೂ ತಪ್ಪು ಮಾಡಿದ್ದರೂ ಹೇಳಬಹುದು, ಬೈಗುಳ ಸಿಗುವುದಿಲ್ಲ ಎಂಬುದನ್ನು ಶಿಕ್ಷಕರು ಬಾಯಿಬಿಟ್ಟೇ ಹೇಳಬೇಕು.

ತರಗತಿಯಲ್ಲಿ ಮಾಡಬಾರದ್ದು ಏನು?

"ಯಾರಿಗಾದರೂ ಹೀಗೆ ಆಗಿದ್ದರೆ ಕೈ ಎತ್ತಿ" ಎಂದು ಕೇಳಬಾರದು. ದೌರ್ಜನ್ಯದ ದೃಶ್ಯವಿರುವ ವಿಡಿಯೊ ತೋರಿಸಬಾರದು. ಮಕ್ಕಳಿಗೆ ಅಪರಾಧಿಯ ಅಥವಾ ಸಂತ್ರಸ್ತರ ಪಾತ್ರ ಕೊಟ್ಟು ನಾಟಕ ಆಡಿಸಬಾರದು, ಆ ಹೆಸರು ವರ್ಷವಿಡೀ ಅಂಟಿಕೊಳ್ಳುತ್ತದೆ. ಆಡಿಸುವುದಾದರೆ ಕೇಳಿಸಿಕೊಳ್ಳುವ ಗೆಳೆಯನ ಪಾತ್ರ ಆಡಿಸಿ. ಹೇಳುವವರ ಮಾತನ್ನು ಶಿಕ್ಷಕರೇ ಚೀಟಿಯಿಂದ ಓದಲಿ.

ತರಗತಿಯ ನಡುವೆ ಯಾರಾದರೂ ತಮ್ಮದೇ ವಿಷಯ ಹೇಳತೊಡಗಿದರೆ, ಮೃದುವಾಗಿ ತಡೆದು "ಇದು ಮುಖ್ಯ, ಬೆಲ್ ಆದ ಕೂಡಲೇ ನಾವಿಬ್ಬರೇ ಮಾತಾಡುವ" ಎಂದು ಹೇಳಿ, ಬೆಲ್ ಆದ ಕೂಡಲೇ ಮಾತಾಡಿ. "ನಾಳೆ" ಎಂದರೆ ಆ ಮಗು ಮತ್ತೆ ಬರುವುದಿಲ್ಲ.

ಪ್ರಶ್ನೆ ಪೆಟ್ಟಿಗೆ ಇಟ್ಟರೆ ಯಾರೂ ಹಾಕುವುದಿಲ್ಲ. ಏನು ಮಾಡುವುದು?

ಆಫೀಸಿನ ಮುಂದೆ, ಸಿಸಿಟಿವಿಯ ಕೆಳಗೆ ಇಟ್ಟರೆ ಹಾಕುವುದಿಲ್ಲ, ನಿಜ. ಪ್ರತಿ ಪೀರಿಯಡ್‌ನ ಕೊನೆಗೆ ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ, ಎಲ್ಲರೂ ಏನಾದರೂ ಬರೆದು ಹಾಕಲೇಬೇಕು: ಪ್ರಶ್ನೆ ಇಲ್ಲದವರು ಇಷ್ಟದ ತಿಂಡಿಯ ಹೆಸರು ಬರೆಯಲಿ. ಆಗ ಬರೆಯುತ್ತಿರುವವರು ಯಾರೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ಹೆಸರು ಕಡ್ಡಾಯವಲ್ಲ, "ನನ್ನನ್ನು ಕರೆಯಿರಿ" ಎಂಬವರು ಮಾತ್ರ ಬರೆಯಲಿ. ಪೆಟ್ಟಿಗೆಗೆ ಬೀಗ ಇರಲಿ, ಅದೇ ದಿನ ಇಬ್ಬರು ಕೂತು ತೆರೆಯಲಿ. ವಾರಕ್ಕೊಮ್ಮೆ ತೆರೆಯುವ ಪೆಟ್ಟಿಗೆ ಇದ್ದೂ ಇಲ್ಲದಂತೆ.

ಗೆಳೆಯ ಹೇಳಿದರೆ ಏನು ಮಾಡಬೇಕೆಂದು ಮಕ್ಕಳಿಗೆ ಹೇಗೆ ಕಲಿಸುವುದು?

ಮೂರೇ ಮಾತು ಬಾಯಿಪಾಠ ಮಾಡಿಸಿ: "ನಾನು ನಂಬುತ್ತೇನೆ." "ನಿನ್ನ ತಪ್ಪಲ್ಲ." "ಇದನ್ನು ದೊಡ್ಡವರೊಬ್ಬರಿಗೆ ಹೇಳುವ, ನಾನೂ ಬರ್ತೇನೆ." ಅವರವರ ಮನೆಮಾತಿನಲ್ಲೇ ಹೇಳಿಸಿ ನೋಡಿ. ತುಳು, ಬ್ಯಾರಿ, ಕೊಂಕಣಿಯಲ್ಲಿ ಹೇಳುವಾಗ ತಡವರಿಕೆ ಕಡಿಮೆ.

"ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದ್ದೇನೆ" ಎಂಬ ಸಮಸ್ಯೆ ಬಂದೇ ಬರುತ್ತದೆ. ಪ್ರಾಣಕ್ಕೆ, ಮೈಗೆ ಅಪಾಯವಿದ್ದಾಗ ಆ ಮಾತು ಮುರಿಯುವುದು ದ್ರೋಹವಲ್ಲ ಎಂದು ಮೊದಲೇ ಚರ್ಚಿಸಿ. ಅಪರಾಧಿಯನ್ನು ಹಿಡಿದು ಹೊಡೆಯಲು ಹೋಗುವುದು, ಸ್ಟೇಟಸ್ ಹಾಕುವುದು, ಕ್ಲಾಸ್ ಗ್ರೂಪಿನಲ್ಲಿ ಹೇಳುವುದು ಬೇಡ. ಮೊದಲ ದೊಡ್ಡವರು ನಂಬದಿದ್ದರೆ ಎರಡನೆಯವರಿಗೆ, ಅವರೂ ನಂಬದಿದ್ದರೆ 1098ಕ್ಕೆ. ಈ ನಂಬರು ಉಚಿತ, ದಿನದ 24 ಗಂಟೆಯೂ ಇದೆ, ಮಕ್ಕಳೇ ಕರೆ ಮಾಡಬಹುದು. ತುರ್ತು ಇದ್ದರೆ 112.

ಮಗು ಬಂದು ಹೇಳಿತು. ಶಿಕ್ಷಕರು ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು?

ಕೇಳಿಸಿಕೊಳ್ಳಿ, ತನಿಖೆ ಮಾಡಬೇಡಿ. "ಎಂತ ಆಯ್ತು?", "ಆಮೇಲೆ?" ಇಷ್ಟು ಸಾಕು. "ಅವನು ಇಲ್ಲಿ ಮುಟ್ಟಿದನಾ?" ಎಂದು ಉತ್ತರವನ್ನು ನೀವೇ ತುರುಕಬೇಡಿ, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಬೇಡಿ. "ಯಾರಿಗೂ ಹೇಳುವುದಿಲ್ಲ" ಎಂಬ ಭರವಸೆ ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. "ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ" ಎನ್ನಿ.

ಮಗು ಹೋದ ಮೇಲೆ ದಿನಾಂಕ, ಸಮಯ ಹಾಕಿ ಅದು ಬಳಸಿದ ಮಾತುಗಳನ್ನೇ ಬರೆಯಿರಿ. ತುಳುವಿನಲ್ಲಿ ಹೇಳಿದ್ದರೆ ಆ ತುಳು ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ, ತಿದ್ದಿ ಗ್ರಾಂಥಿಕ ಮಾಡಬೇಡಿ.

ಹೆಚ್ಚು ಕೆಡುವುದು ಇಲ್ಲಿಂದ ಮುಂದೆ. ಹೆಡ್‌ಮಾಸ್ಟರ್ ಒಮ್ಮೆ ಕೇಳುತ್ತಾರೆ, ಸಂಚಾಲಕರು ಒಮ್ಮೆ, ಎಸ್‌ಡಿಎಂಸಿಯವರು ಮತ್ತೊಮ್ಮೆ. ನಾಲ್ಕನೇ ಸಲಕ್ಕೆ ಮಗು ಸುಸ್ತಾಗಿ "ಏನೂ ಆಗಿಲ್ಲ" ಎನ್ನುತ್ತದೆ. ಕೆಲವು ಕಡೆ ಆರೋಪಿಯನ್ನೇ ಕರೆಸಿ ಎದುರುಬದುರು ನಿಲ್ಲಿಸುತ್ತಾರೆ. ಸಾಕ್ಷ್ಯ ನಾಶವಾಗುವುದೂ ಮಗುವಿಗೆ ಬೆದರಿಕೆ ಹೋಗುವುದೂ ಆ ಗಳಿಗೆಯಿಂದಲೇ. ಮನೆಗೆ ಫೋನ್ ಮಾಡುವ ಮೊದಲೂ ಒಂದು ಕ್ಷಣ ನಿಲ್ಲಿ: ಆರೋಪಿ ಆ ಮನೆಯವನೇ ಆಗಿದ್ದರೆ ಯಾರಿಗೆ ತಿಳಿಸಬೇಕು ಎಂದು ಮಗುವನ್ನು, 1098ನ್ನು ಕೇಳಿ.

ಇತ್ತೀಚೆಗೆ ನಡೆದ ಅತ್ಯಾಚಾರವಾದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆಯನ್ನು ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಕುರುಹು ಹಾಳಾಗುತ್ತದೆ. ಆಸ್ಪತ್ರೆಗೆ ಬೇಗ ಹೋದಷ್ಟು ಒಳ್ಳೆಯದು, ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಾಗಲಿ, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ಚಿಕಿತ್ಸೆ ಉಚಿತವಾಗಿ ಕೊಡಬೇಕು. ತುರ್ತು ಚಿಕಿತ್ಸೆಗೆ ಮೊದಲು ಎಫ್‌ಐಆರ್ ತನ್ನಿ ಎಂದು ಕೇಳುವಂತಿಲ್ಲ.

ಹೆಡ್‌ಮಾಸ್ಟರಿಗೆ ತಿಳಿಸಿದರೆ ನನ್ನ ಜವಾಬ್ದಾರಿ ಮುಗಿಯಿತೇ?

ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ತಿಳಿಸದ ಮಕ್ಕಳಿಗೆ ಮಾತ್ರ ಈ ಶಿಕ್ಷೆ ಇಲ್ಲ, ಇದನ್ನು ಅವರಿಗೆ ಸ್ಪಷ್ಟವಾಗಿ ಹೇಳಿ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕ್ರಮ ಜರುಗಿಸುವಂತಿಲ್ಲ. ರುಜುವಾತು ಹುಡುಕುವುದು ಪೊಲೀಸರ ಕೆಲಸ. "ಮೊದಲು ಆಂತರಿಕ ಸಮಿತಿ ವಿಚಾರಿಸಲಿ" ಎಂಬ ಸಲಹೆ ಎಷ್ಟೇ ಗೌರವಸ್ಥರಿಂದ ಬಂದರೂ ಒಪ್ಪಬೇಡಿ.

ಠಾಣೆ, ಕೋರ್ಟು ಎಂದರೆ ಮಕ್ಕಳು ಹೆದರುತ್ತಾರೆ. ನಿಜವಾಗಿ ಏನು ನಡೆಯುತ್ತದೆ?

ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಜೊತೆಗೆ ಪೋಷಕರು ಅಥವಾ ಮಗು ನಂಬಿದವರು ಇರಬೇಕು. ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಹುಡುಗಿಯ ವೈದ್ಯಕೀಯ ಪರೀಕ್ಷೆ ವೈದ್ಯೆಯಿಂದಲೇ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮುಂದಿನ ಓಡಾಟಕ್ಕೆ ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು, ನೇಮಿಸದಿದ್ದರೆ ಕೇಳಿ ಪಡೆಯಿರಿ. ಮಂಗಳೂರು, ಉಡುಪಿ ಎರಡರಲ್ಲೂ ಪೋಕ್ಸೊ ವಿಶೇಷ ನ್ಯಾಯಾಲಯವಿದೆ. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ, ಆರೋಪಿಯ ಮುಖ ಕಾಣದಂತೆ, ಪ್ರಶ್ನೆಗಳೆಲ್ಲ ನ್ಯಾಯಾಧೀಶರ ಮೂಲಕ. ಪತ್ರಿಕೆಯಲ್ಲಿ ಹೆಸರು, ಶಾಲೆ, ಮನೆ ಯಾವುದೂ ಬರುವಂತಿಲ್ಲ. ಒಂದು ವರ್ಷದೊಳಗೆ ಮುಗಿಸಬೇಕೆಂಬುದು ಕಾಯ್ದೆಯ ಆಶಯ, ತಡವಾಗುವುದೂ ಉಂಟು. ಅದನ್ನು ಮುಚ್ಚಿಟ್ಟು ಭರವಸೆ ಕೊಡಬೇಡಿ.

ಫೋಟೊ ಕಳಿಸಿ ಸಿಕ್ಕಿಬಿದ್ದ ಮಗುವಿಗೆ ಏನು ಹೇಳುವುದು?

ಹಣ ಕೊಡಬೇಡ, ಇನ್ನೊಂದು ಫೋಟೊ ಕಳಿಸಬೇಡ. ಒಮ್ಮೆ ಕೊಟ್ಟರೆ ಬೇಡಿಕೆ ಹೆಚ್ಚಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಖಾತೆ ಅಳಿಸಬೇಡ, ಚಾಟ್ ಅಳಿಸಬೇಡ. ಬೆದರಿಕೆಯ ಮಾತು, ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಯುಪಿಐ ಐಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬ್ಲಾಕ್ ಮಾಡಬಹುದು. ದೂರು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ. ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರಬಹುದು. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. 18ರ ಕೆಳಗಿನವರಿಗಾಗಿ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯಿದೆ: ಫೋಟೊ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಹೋಗಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಡೆ ಚಿತ್ರವನ್ನು ತಡೆಯಲು ನೆರವಾಗುತ್ತದೆ.

ಶಿಕ್ಷಕರಿಗೆ ಎಚ್ಚರಿಕೆ: "ಸಾಕ್ಷಿಗಿರಲಿ" ಎಂದು ಆ ಚಿತ್ರವನ್ನು ನಿಮ್ಮ ಫೋನಿಗೆ ಹಾಕಿಕೊಂಡು ಹೆಡ್‌ಮಾಸ್ಟರಿಗೆ ವಾಟ್ಸಾಪ್ ಮಾಡಬೇಡಿ. ಮಕ್ಕಳ ಅಶ್ಲೀಲ ಚಿತ್ರ ರವಾನಿಸುವುದೇ ಅಪರಾಧ. ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೂ ಅಪರಾಧವೆಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಫೋನ್ ಹಾಗೆಯೇ ಪೊಲೀಸರ ಕೈಗೆ ಹೋಗಲಿ.

ಲವ್ ಮಾಡುತ್ತಿರುವ ವಿದ್ಯಾರ್ಥಿಗಳ ವಿಷಯ?

ಜಾಣತನದಿಂದ ಜಾರಿಕೊಳ್ಳದೆ ನೇರವಾಗಿ ಹೇಳಿ: 18ರ ಒಳಗಿನವರ ಒಪ್ಪಿಗೆ ಕಾನೂನಿನ ಲೆಕ್ಕಕ್ಕಿಲ್ಲ. ಇಬ್ಬರೂ ಮನಸಾರೆ ಒಪ್ಪಿದ್ದರೂ ಲೈಂಗಿಕ ಸಂಬಂಧ ಪೋಕ್ಸೊ ಅಡಿ ಬರುತ್ತದೆ. ಆರೋಪಿಯೂ 18ರ ಕೆಳಗಿನವನಾದರೆ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಇಷ್ಟ ಪಡುವುದು, ಮಾತಾಡುವುದು ಅಪರಾಧವಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಮಕ್ಕಳು ಇಡೀ ಪಾಠವನ್ನೇ ಹೆದರಿಸುವ ತಂತ್ರವೆಂದು ತಳ್ಳಿಹಾಕುತ್ತಾರೆ.

ಪೋಷಕರು "ಇಲ್ಲದ್ದನ್ನೆಲ್ಲ ತಲೆಗೆ ತುಂಬುತ್ತೀರಿ" ಎಂದು ಗಲಾಟೆ ಮಾಡಿದರೆ?

ಪಾಠಕ್ಕೆ ಒಂದು ವಾರ ಮೊದಲು ಸಭೆ ಕರೆದು ನಾಲ್ಕೂ ಪೀರಿಯಡ್‌ಗಳ ಸಾಮಗ್ರಿ ತೋರಿಸಿ. ಗಲಾಟೆ ಬಹುತೇಕ ಕೇಳಿದ ಮಾತಿನಿಂದ ಹುಟ್ಟುವುದು, ನೋಡಿದ ಮೇಲೆ ತಣ್ಣಗಾಗುತ್ತದೆ. ಸಂತಾನೋತ್ಪತ್ತಿ 10ನೇ ತರಗತಿಯ ವಿಜ್ಞಾನ ಪಠ್ಯದಲ್ಲೇ ಇದೆ. ಈ ಪಾಠದಲ್ಲಿರುವುದು ಅದಲ್ಲ, ಸುರಕ್ಷತೆ. ಸಭೆಯಲ್ಲಿ ಪೋಷಕರಿಗೂ ಒಂದು ಕೆಲಸ ಕೊಡಿ: ಮಗು ಒಬ್ಬರ ಮನೆಗೆ ಅಥವಾ ಒಂದು ಬಸ್ಸಿಗೆ ಹೋಗುವುದಿಲ್ಲ ಎಂದರೆ ಗದರುವ ಮೊದಲು ಕಾರಣ ಕೇಳಲಿ.

ಯಾವ ಲಕ್ಷಣ ಕಂಡರೆ ಎಚ್ಚರವಾಗಬೇಕು?

ಬೀಳುವ ಮಕ್ಕಳಿಗೆ ಗಾಯವಾಗುವುದು ಮೊಣಕಾಲು, ಮೊಣಕೈ, ಅಂಗೈಯಲ್ಲಿ. ಬೆನ್ನು, ತೊಡೆಯ ಒಳಭಾಗ, ಕಿವಿಯ ಹಿಂದೆ ಕಂಡರೆ, ಬೆಲ್ಟಿನ ಅಂಚು ಮೂಡಿದ್ದರೆ ಕೇಳಬೇಕು. ಸೆಖೆಯಲ್ಲೂ ತುಂಬುತೋಳಿನ ಬಟ್ಟೆ, ಬೆಲ್ ಆದರೂ ಮನೆಗೆ ಹೋಗದೆ ಕೂರುವುದು, ಲೆಕ್ಕ ಹೇಳದ ಹೊಸ ಫೋನ್, ತಟ್ಟನೆ ಬಿದ್ದ ಅಂಕ, ಕೈ ಕುಯ್ದುಕೊಂಡ ಗುರುತು. ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರಬೇಡಿ, ಮೂರ್ನಾಲ್ಕು ಸೇರಿದರೆ ಸುಮ್ಮನಿರಬೇಡಿ. ಬಡತನವನ್ನು ನಿರ್ಲಕ್ಷ್ಯ ಎನ್ನಬೇಡಿ: ಹರಿದ ಚೀಲ ಬಡತನ, ಮನೆಯಲ್ಲಿ ಅನುಕೂಲವಿದ್ದೂ ಹುಣ್ಣಿಗೆ ವಾರಗಟ್ಟಲೆ ಔಷಧ ಕೊಡಿಸದಿರುವುದು ನಿರ್ಲಕ್ಷ್ಯ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬಹುದೇ?

ಜಾಗದ ವಿಷಯ ಎತ್ತಿ: ಬೀದಿದೀಪವಿಲ್ಲದ ತಿರುವು, ಚಿಲಕವಿಲ್ಲದ ಶೌಚಾಲಯ, ಕುಡುಕರು ಕೂರುವ ಬಸ್ ಸ್ಟಾಂಡ್. ಒಬ್ಬ ಮಗುವಿನ ಪ್ರಕರಣವನ್ನು ಹೆಸರು ಮರೆಸಿಯೂ ಎತ್ತಬೇಡಿ, ಊರಿನಲ್ಲಿ ಯಾರೆಂದು ಗೊತ್ತಾಗಲು ಐದು ನಿಮಿಷ ಸಾಕು.

ಪಾಠ ತಲೆಗೆ ಹೋಗಿದೆಯೇ ಎಂದು ತಿಳಿಯುವುದು ಹೇಗೆ?

ಮೂರು ತಿಂಗಳ ಬಳಿಕ ಹೆಸರಿಲ್ಲದ ಚೀಟಿಯಲ್ಲಿ ಮೂರು ಪ್ರಶ್ನೆ ಕೇಳಿ: ಸಹಾಯವಾಣಿಯ ನಂಬರು ಯಾವುದು, ಗೆಳೆಯ ಹೇಳಿದರೆ ಮೊದಲು ಏನು ಹೇಳುತ್ತೀಯ, ಈ ಶಾಲೆಯಲ್ಲಿ ನೀನು ಯಾರಿಗೆ ಹೇಳುತ್ತೀಯ. ಮೊದಲ ಎರಡಕ್ಕೆ ಉತ್ತರ ಬಂದು ಮೂರನೆಯದು ಖಾಲಿಯಿದ್ದರೆ ಮಕ್ಕಳಿಗೆ ಮತ್ತೆ ಪಾಠ ಮಾಡಿ ಪ್ರಯೋಜನವಿಲ್ಲ, ಗೊತ್ತುಪಡಿಸಿದ ಆ ಇಬ್ಬರು ಸಿಬ್ಬಂದಿಯನ್ನು ಬದಲಿಸಿ.